ಅಮ್ಮನ ಉರಿಗೆ ಇಂಗ್ಲಿಷಿನಲ್ಲಿ ಯಾವ ಪದ

ಹೋದ ಚಳಿಗಾಲದಲ್ಲಿ ಅಮ್ಮ ಹಾಸನದಿಂದ ಇಂಗ್ಲೆಂಡಿನ ಲೀಡ್ಸ್‌ಗೆ, ನನ್ನ ಮನೆಗೆ ಬಂದಿದ್ದಳು. ಬಂದ ಮೂರನೇ ವಾರ, ಒಂದು ಬೆಳಿಗ್ಗೆ ಕಾಫಿ ಕುಡಿಯುತ್ತಾ ಎಡಗಡೆ ಬೆನ್ನು ಯಾಕೋ ಸರಿ ಇಲ್ಲ ಅಂದಳು. "ಚುರುಚುರು ಅಂತದೆ ಕಣೇ. ರವಿಕೆ ತಗುಲಿದ್ರೆ ತಡ್ಕೊಳ್ಳಕ್ಕಾಗಲ್ಲ."

ನಾನು ಆಫೀಸಿಗೆ ಹೊರಡೋ ಗಡಿಬಿಡಿಯಲ್ಲಿದ್ದೆ. ಕ್ಲಿನಿಕ್ಕಿಗೆ ಫೋನ್ ಮಾಡಿ, ನಮ್ಮ ತಾಯಿಗೆ ಬ್ಯಾಕ್‌ಏಕ್ ಅಂದೆ. ಎಲ್ಲಾದರೂ ಬಿದ್ದಿದ್ದಾರಾ, ಭಾರ ಏನಾದರೂ ಎತ್ತಿದರಾ, ಕಾಲು ಮರಗಟ್ಟುತ್ತಾ ಅಂತ ಆ ಕಡೆಯಿಂದ ಕೇಳಿದರು. ಎಲ್ಲಕ್ಕೂ ಇಲ್ಲ ಅಂದೆ. ಹಾಗಾದರೆ ಪ್ಯಾರಾಸಿಟಮಾಲ್ ಕೊಡಿ, ಶಾಖ ಕೊಡಿ, ಕಡಿಮೆ ಆಗದಿದ್ದರೆ ಮತ್ತೆ ಫೋನ್ ಮಾಡಿ ಅಂದರು. ನಾನು ಹೇಳಿದ ಪದಕ್ಕೆ ಅವರ ಪ್ರಶ್ನೆಗಳು ಸರಿಯಾಗೇ ಇದ್ದವು.

ಬೆನ್ನುನೋವು ತಾನೇ ಅಂತ ರಾತ್ರಿ ನಾನೇ ಮುಲಾಮು ತಿಕ್ಕಿದೆ. ಅಮ್ಮ ಹಲ್ಲು ಕಚ್ಚಿಕೊಂಡು ಕೂತಿದ್ದಳು. ಮೂರನೇ ದಿನ ಬೆನ್ನಿನಿಂದ ಪಕ್ಕೆಯವರೆಗೆ ಕೆಂಪಗೆ ಸಣ್ಣ ಸಣ್ಣ ಗುಳ್ಳೆ ಎದ್ದವು. ಮುಲಾಮು ಮೈಗೆ ಒಗ್ಗಲಿಲ್ಲ ಅಂದುಕೊಂಡೆ. ಇನ್ನೊಂದು ದಿನ ಹಾಗೇ ಕಳೆಯಿತು. ಸಂಜೆ ಊರಿನಿಂದ ಚಿಕ್ಕಮ್ಮ ವಿಡಿಯೋ ಕಾಲ್ ಮಾಡಿದಾಗ, ಅಮ್ಮ ಸೆರಗು ಸರಿಸಿ ಬೆನ್ನು ತೋರಿಸಿದಳು. ಚಿಕ್ಕಮ್ಮ ಎರಡು ಸೆಕೆಂಡ್ ನೋಡಿದಳು ಅಷ್ಟೆ. "ಅಯ್ಯೋ ಅಕ್ಕಾ, ಅದು ಸರ್ಪಸುತ್ತು!"

ಮಾರನೇ ದಿನ ಡಾಕ್ಟರ್ ಎದುರು ಕೂತಾಗ ಅವರು ಮೊದಲು ಕೇಳಿದ್ದು ಗುಳ್ಳೆಯ ಬಗ್ಗೆ ಅಲ್ಲ. ಗುಳ್ಳೆ ಏಳೋ ಮುಂಚೆ ಏನು ಅನ್ನಿಸುತ್ತಿತ್ತು ಅಂತ. ಏಕಿಂಗ್ ಇತ್ತಾ, ಅಂದರೆ ಮಂದವಾದ ನೋವಾ, ಇಲ್ಲಾ ಬರ್ನಿಂಗ್ ಇತ್ತಾ, ಅಂದರೆ ಉರಿಯಾ? ಬಟ್ಟೆ ತಗುಲಿದರೆ ಜಾಸ್ತಿ ಆಗುತ್ತಿತ್ತಾ? ನಾನು ಅಮ್ಮನ ಮುಖ ನೋಡಿದೆ. ಆ ಬೆಳಿಗ್ಗೆ ಕಾಫಿ ಲೋಟ ಕೈಯಲ್ಲಿ ಹಿಡಿದು ಅವಳು ಹೇಳಿದ್ದು ಇದನ್ನೇ. ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ. ನಾನು ಅದನ್ನು ಇಂಗ್ಲಿಷಿಗೆ ದಾಟಿಸುವಾಗ ಕೈಗೆ ಸಿಕ್ಕ ಮೊದಲ ಪದ ಎತ್ತಿಕೊಂಡಿದ್ದೆ.

ಗುಳ್ಳೆ ಎದ್ದ 72 ಗಂಟೆಯೊಳಗೆ ವೈರಸ್ ವಿರುದ್ಧದ ಮಾತ್ರೆ ಶುರು ಮಾಡಿದರೆ ಒಳ್ಳೆಯದಂತೆ. ನಾವು ಹೇಗೋ ಆ ಗಡುವಿನೊಳಗೇ ಇದ್ದೆವು. ಮೊದಲ ದಿನವೇ ಬರ್ನಿಂಗ್ ಅಂದಿದ್ದರೆ ಎಲ್ಲವೂ ಬೇರೆ ಆಗುತ್ತಿತ್ತು ಅಂತ ನಾನು ಹೇಳಲಾರೆ. ಗುಳ್ಳೆ ಇಲ್ಲದೆ ಇದನ್ನು ಕಂಡುಹಿಡಿಯೋದು ಡಾಕ್ಟರಿಗೂ ಕಷ್ಟ. ಆದರೆ ಉರಿಯುವ ಚರ್ಮದ ಮೇಲೆ ಮುಲಾಮು ತಿಕ್ಕುತ್ತಿರಲಿಲ್ಲ. ಗುಳ್ಳೆ ಕಂಡ ಕೂಡಲೇ ಓಡುತ್ತಿದ್ದೆ. ಆ ಒಂದು ದಿನ ನನ್ನ ಮನಸ್ಸಿನಲ್ಲಿ ಇವತ್ತಿಗೂ ಕೂತಿದೆ.

ಅಮ್ಮನಿಗೆ ನಿದ್ದೆ ಬರದ ರಾತ್ರಿಗಳಲ್ಲಿ ನನಗೂ ನಿದ್ದೆ ಇರಲಿಲ್ಲ. ಆಗ ನೆನಪಾದದ್ದು ಹೈಸ್ಕೂಲಿನ ಇಂಗ್ಲಿಷ್ ನೋಟ್‌ಬುಕ್. ಅದರ ಕೊನೆಯ ಪುಟಗಳಲ್ಲಿ ಸಿನೊನಿಮ್ಸ್, ಅಂದರೆ ಸಮಾನಪದಗಳ ಪಟ್ಟಿ ಇರುತ್ತಿತ್ತು. ಎಡಗಡೆ ಒಂದು ಪದ, ಮಧ್ಯೆ ಸಮ ಚಿಹ್ನೆ, ಬಲಗಡೆ ಇನ್ನೊಂದು ಪದ. ಪೇನ್ ಸಮ ಏಕ್. ಬಿಗ್ ಸಮ ಲಾರ್ಜ್. ಸಿಕ್ ಸಮ ಇಲ್. ಸ್ಕೇಲ್ ಇಟ್ಟು ಎರಡು ಪುಟ್ಟ ಗೆರೆ ಎಳೆದು ಆ ಚಿಹ್ನೆ ಬರೆಯುತ್ತಿದ್ದೆವು. ಗಣಿತದ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದ ಚಿಹ್ನೆಯೇ ಅದು. ಪರೀಕ್ಷೆಯಲ್ಲಿ ಒಂದರ ಬದಲು ಇನ್ನೊಂದು ಬರೆದರೆ ಒಂದು ಮಾರ್ಕ್ ಸಿಗುತ್ತಿತ್ತು. ಪಾಠ ಹೇಳಿಕೊಟ್ಟ ಮೇಷ್ಟ್ರನ್ನು ನಾನು ದೂರುತ್ತಿಲ್ಲ. ಮನೆಯಲ್ಲಿ ಇಂಗ್ಲಿಷ್ ಕೇಳದ ಮಕ್ಕಳಿಗೆ ಎಲ್ಲಿಂದಾದರೂ ಶುರು ಮಾಡಬೇಕಲ್ಲ. ಆದರೆ ಆ ಚಿಹ್ನೆ ನಿಜವಾ? ಹತ್ತಿರದ ಅರ್ಥದ ಎರಡು ಇಂಗ್ಲಿಷ್ ಪದಗಳ ನಡುವೆ ನಿಜವಾಗಿಯೂ ವ್ಯತ್ಯಾಸ ಇರುತ್ತಾ, ಅಥವಾ ಅದು ಬಲ್ಲವರು ಸುಮ್ನೆ ಹುಟ್ಟಿಸಿದ್ದಾ?

ನೋವಿನ ಪದಗಳಿಂದಲೇ ನೋಡೋಣ. ನನಗೆ ಚೆನ್ನಾಗಿ ಗೊತ್ತಾಗಿರೋದು ಅವೇ.

ಇಂಗ್ಲಿಷಿನಲ್ಲಿ ಏಕ್ ಅನ್ನೋ ಪದ ಎಲ್ಲಾ ಅಂಗಕ್ಕೂ ಅಂಟಿಕೊಳ್ಳೋದಿಲ್ಲ. ತಲೆ, ಹಲ್ಲು, ಹೊಟ್ಟೆ, ಕಿವಿ, ಬೆನ್ನು. ಹೆಚ್ಚು ಕಡಿಮೆ ಅಷ್ಟೇ. ಮಂಡಿಗೆ ನೀ ಪೇನ್ ಅಂತಾರೆ, ನೀ ಏಕ್ ಅನ್ನೋದಿಲ್ಲ. ಗಂಟಲಿಗೆ ಎರಡೂ ಅಲ್ಲ, ಸೋರ್ ಥ್ರೋಟ್. ಸೋರ್ ಅಂದರೆ ಮುಟ್ಟಿದರೆ, ಉಜ್ಜಿದರೆ, ನುಂಗಿದರೆ ಆಗುವ ನೋವು. ಹೊಸ ಚಪ್ಪಲಿ ಕಚ್ಚಿದ ಜಾಗ ಸೋರ್. ಸೂಜಿ ಚುಚ್ಚಿದಾಗ ಆಗೋದು ಪೇನ್, ಅದನ್ನು ಯಾರೂ ಏಕ್ ಅನ್ನೋದಿಲ್ಲ. ಏಕ್ ಅಂದರೆ ಒಳಗಿಂದ, ಮಂದವಾಗಿ, ಬಿಡದೆ ಕಾಡೋದು. ಜ್ವರ ಬಂದಾಗ ನಮಗೆ ಮೈಕೈ ನೋವು ಅಂತೀವಲ್ಲ, ಅದು.

ಎದೆಯ ವಿಷಯಕ್ಕೆ ಬಂದರೆ ವ್ಯತ್ಯಾಸ ಪ್ರಾಣಕ್ಕೇ ಸಂಬಂಧಿಸಿದ್ದು. ಚೆಸ್ಟ್ ಪೇನ್ ಅಂದರೆ ಆಂಬುಲೆನ್ಸ್ ಬರುತ್ತೆ. ಹಾರ್ಟ್‌ಬರ್ನ್ ಅಂದರೆ ಅಸಿಡಿಟಿ ಮಾತ್ರೆ. ಹಾರ್ಟ್‌ಏಕ್ ಅಂದರೆ ಯಾರೋ ಬಿಟ್ಟು ಹೋಗಿದ್ದಾರೆ, ಕೂತು ಮಾತಾಡಿಸಬೇಕು. ನೋಟ್‌ಬುಕ್ಕಿನ ಲೆಕ್ಕದಲ್ಲಿ ಮೂರೂ ಎದೆಯ ನೋವೇ. ಕನ್ನಡದಲ್ಲೂ ಇಂಥದ್ದೇ ಇದೆ ನೋಡಿ. ಎದೆಯುರಿ ಅಂದರೆ ಅಸಿಡಿಟಿ. ಹೊಟ್ಟೆಯುರಿ ಅಂದರೆ ಪಕ್ಕದ ಮನೆಯವರು ಕಾರು ತಗೊಂಡಿದ್ದಾರೆ. ಉರಿ ಒಂದೇ, ಜಾಗ ಒಂದು ಗೇಣು ಕೆಳಗೆ ಇಳಿದರೆ ಕಥೆಯೇ ಬೇರೆ.

ಇನ್ನು ನಾವು ಹೇಳುವ 'ಮೈ ಲೆಗ್ ಈಸ್ ಪೇನಿಂಗ್'. ನನಗೆ ಇದರ ಮೇಲೆ ಪ್ರೀತಿ ಇದೆ. ಕಾಲು ನೋಯ್ತಿದೆ ಅನ್ನೋ ಕನ್ನಡದ ಕ್ರಿಯಾಪದವನ್ನೇ ಇಟ್ಟುಕೊಂಡು ನಮ್ಮವರು ಕಟ್ಟಿದ ಮಾತು ಅದು. ಆದರೆ ಇಲ್ಲಿನವರು ಕಾಲಿಗೆ ಹರ್ಟ್ ಅನ್ನೋ ಕ್ರಿಯಾಪದ ಬಳಸುತ್ತಾರೆ. ಪೇನ್ ಅನ್ನೋದನ್ನು ಕ್ರಿಯಾಪದವಾಗಿ ಇಟ್ಟುಕೊಂಡಿರೋದು ಹೆಚ್ಚಾಗಿ ಮನಸ್ಸಿಗೆ. ಇದನ್ನು ಹೇಳೋಕೆ ನನಗೆ ಸಂಕಟ ಆಗುತ್ತೆ ಅನ್ನಬೇಕಾದಾಗ 'ಇಟ್ ಪೇನ್ಸ್ ಮಿ' ಅಂತಾರೆ. ಲೀಡ್ಸಿಗೆ ಬಂದ ಹೊಸದರಲ್ಲಿ ಆಫೀಸಿನಲ್ಲಿ ನನ್ನ ಭುಜ ಪೇನಿಂಗ್ ಅಂದಾಗ ಎದುರಿನವರು ಒಂದು ಕ್ಷಣ ತಡೆದು ನೋಡಿದ್ದು ಯಾಕೆ ಅಂತ ನನಗೆ ಅರ್ಥ ಆಗಿದ್ದು ವರ್ಷಗಳ ಮೇಲೆ.

ಈ ವ್ಯತ್ಯಾಸಗಳು ಬರೀ ವಾಡಿಕೆ, ಅರ್ಥ ಒಂದೇ ಅಂತ ಯಾರಾದರೂ ಹೇಳಬಹುದು. ಇದನ್ನು ಪರೀಕ್ಷೆ ಮಾಡಿ ನೋಡಿದವರು ಇದ್ದಾರೆ. ಕೆನಡಾದ ಮಾಂಟ್ರಿಯಲ್‌ನಲ್ಲಿರುವ ಮೆಕ್‌ಗಿಲ್ ವಿಶ್ವವಿದ್ಯಾಲಯದ ರೊನಾಲ್ಡ್ ಮೆಲ್ಜಾಕ್ ಅನ್ನೋ ಮನಶ್ಶಾಸ್ತ್ರಜ್ಞ, 1971ರಲ್ಲಿ ವಾರೆನ್ ಟಾರ್ಗರ್ಸನ್ ಅನ್ನೋ ಇನ್ನೊಬ್ಬ ಮನಶ್ಶಾಸ್ತ್ರಜ್ಞರ ಜತೆ ಸೇರಿ, ನೋವನ್ನು ಬಣ್ಣಿಸುವ 102 ಇಂಗ್ಲಿಷ್ ಪದಗಳನ್ನು ಒಟ್ಟು ಮಾಡಿದರು. ಅವನ್ನು ಗುಂಪು ಮಾಡಿದ ಮೇಲೆ ಡಾಕ್ಟರುಗಳಿಗೆ, ರೋಗಿಗಳಿಗೆ, ವಿದ್ಯಾರ್ಥಿಗಳಿಗೆ ಕೊಟ್ಟು ಯಾವುದು ಎಷ್ಟು ತೀವ್ರ ಅಂತ ಅಂಕ ಹಾಕಿಸಿದರು. ಓದು ಬೇರೆ, ಬದುಕು ಬೇರೆ ಆಗಿದ್ದರೂ ಇವರೆಲ್ಲ ಪದಗಳನ್ನು ಸಾಲಾಗಿ ನಿಲ್ಲಿಸಿದ ಕ್ರಮ ಬಹಳ ಮಟ್ಟಿಗೆ ಹೊಂದಿಕೆಯಾಯಿತು. 1975ರಲ್ಲಿ ಇದೇ ಮೆಕ್‌ಗಿಲ್ ನೋವಿನ ಪ್ರಶ್ನಾವಳಿ ಆಯಿತು. 20 ಗುಂಪು, 78 ಪದ. ಒಂದು ಗುಂಪಿನಲ್ಲಿ ಸುಡುವ, ಉರಿಯುವ ಪದಗಳು: ಹಾಟ್, ಬರ್ನಿಂಗ್, ಸ್ಕಾಲ್ಡಿಂಗ್, ಸೀರಿಂಗ್. ಇನ್ನೊಂದರಲ್ಲಿ ಮಂದ ನೋವಿನವು: ಡಲ್, ಸೋರ್, ಹರ್ಟಿಂಗ್, ಏಕಿಂಗ್, ಹೆವಿ. ಮತ್ತೊಂದರಲ್ಲಿ ಜುಮುಜುಮು, ಕಡಿತ, ಚುರುಚುರು ಅನ್ನೋವು: ಟಿಂಗ್ಲಿಂಗ್, ಇಚಿ, ಸ್ಮಾರ್ಟಿಂಗ್, ಸ್ಟಿಂಗಿಂಗ್. ನಾನು ಹೇಳಿದ ಏಕ್, ಅಮ್ಮ ಹೇಳಿದ ಉರಿ, ಎರಡೂ ಬೇರೆ ಬೇರೆ ಗುಂಪಿನಲ್ಲಿವೆ.

ಡಾಕ್ಟರುಗಳಿಗೆ ಇದು ಯಾಕೆ ಬೇಕು ಅಂದರೆ, ಸ್ನಾಯು ಉಳುಕಿದಾಗ ಜನ ಆಡುವ ಮಾತೇ ಬೇರೆ, ನರಕ್ಕೇ ಏಟು ಬಿದ್ದಾಗ ಆಡುವ ಮಾತೇ ಬೇರೆ. ನಾನಿರುವ ಊರಿನ ಹೆಸರಲ್ಲೇ ಒಂದು ಪ್ರಶ್ನಾವಳಿ ಇದೆ. 2001ರದ್ದು, ಲ್ಯಾನ್ಸ್ ಅಂತ ಕರೀತಾರೆ. ಮೊದಲ ಅಕ್ಷರ ಲೀಡ್ಸ್‌ನದ್ದು. ಚುಚ್ಚಿದ ಹಾಗೆ, ಜುಮುಜುಮು ಅಂದ ಹಾಗೆ ಆಗುತ್ತಾ? ಕರೆಂಟ್ ಹೊಡೆದ ಹಾಗೆ? ಉರಿ ಇದೆಯಾ? ಬಿಗಿ ಬಟ್ಟೆ ಹಾಕಿದರೆ ನೋವಾಗುತ್ತಾ? ಕೆಲವು ಪ್ರಶ್ನೆ ರೋಗಿಗೆ, ಆಮೇಲೆ ಚರ್ಮದ ಮೇಲೆ ಎರಡು ಸಣ್ಣ ಪರೀಕ್ಷೆ. 24ಕ್ಕೆ 12 ಅಥವಾ ಜಾಸ್ತಿ ಬಂದರೆ ನೋವು ನರದ್ದಿರಬಹುದು ಅಂತ ಲೆಕ್ಕ. ಅದನ್ನು ಓದಿದ ದಿನ ನನಗೆ ಅಮ್ಮನ ರವಿಕೆಯ ಮಾತು ಮತ್ತೆ ಕಿವಿಯಲ್ಲಿ ಕೇಳಿಸಿತು.

ಒಂದು ಭಾನುವಾರ ಮಧ್ಯಾಹ್ನ ಅಮ್ಮನನ್ನು ಅಡುಗೆಮನೆಯ ಟೇಬಲ್ಲಿನ ಮುಂದೆ ಕೂರಿಸಿಕೊಂಡು ಆ ಪದಗಳಿಗೆಲ್ಲ ಕನ್ನಡ ಕೇಳಿದೆ. ಅವಳಿಗೂ ಹೊತ್ತು ಹೋಗಬೇಕಿತ್ತು. ಥ್ರಾಬಿಂಗ್ ಅಂದರೆ ನಾಡಿ ಹೊಡೆದ ಹಾಗೆ ಬಿಟ್ಟು ಬಿಟ್ಟು ಬರೋದು ಅಂದೆ. "ಕುರು ಹಣ್ಣಾಗೋ ಮುಂಚೆ ಹಂಗೆ ಆಗತ್ತೆ" ಅಂದಳು. ಸ್ಪ್ಲಿಟಿಂಗ್‌ಗೆ "ತಲೆ ಸಿಡಿಯೋದು" ಅಂದಳು, ಯೋಚನೆ ಕೂಡ ಮಾಡಲಿಲ್ಲ. ನಾಯಿಂಗ್ ಅಂದರೆ ಇಲಿ ಕಚ್ಚಿ ಕಚ್ಚಿ ತಿಂದ ಹಾಗೆ ಅಂದಾಗ, ಹೊಟ್ಟೆಯಲ್ಲಿ ಹುಣ್ಣಿದ್ದ ಅಜ್ಜಿಯನ್ನು ನೆನೆಸಿಕೊಂಡಳು. ಸ್ಕಾಲ್ಡಿಂಗ್, ಸೀರಿಂಗ್ ಎರಡೂ ಸುಡೋದೇ ಅಲ್ವಾ ಅಂತ ನಾನೇ ಕೇಳಿದೆ. ಸ್ಕಾಲ್ಡ್ ಅನ್ನೋದು ಬಿಸಿ ನೀರು, ಆವಿಯ ಸುಡುವಿಕೆ. ಸೀರ್ ಅನ್ನೋದು ಕಾದ ಲೋಹದ್ದು. ಅದನ್ನು ಹೇಳಿದ ಕೂಡಲೇ ಅಮ್ಮ, "ಒಂದೇ ಹೆಂಗಾಗತ್ತೆ? ಅನ್ನ ಬಸಿಯೋವಾಗ ಗಂಜಿ ಚೆಲ್ಲಿದ್ರೆ ಇಡೀ ಕೈ ಬೊಬ್ಬೆ ಬರತ್ತೆ. ದೋಸೆ ಹೆಂಚು ತಗುಲಿದ್ರೆ ಒಂದು ಗೆರೆ, ಆದ್ರೆ ಚುರ್ ಅಂದು ಒಳಕ್ಕೆ ಇಳಿಯತ್ತೆ" ಅಂದಳು. ಇಂಗ್ಲಿಷಿನ ಗಂಧ ಇಲ್ಲದ ನನ್ನ ಅಮ್ಮ, ಎರಡು ಇಂಗ್ಲಿಷ್ ಪದಗಳ ವ್ಯತ್ಯಾಸವನ್ನು ನಿಘಂಟಿಗಿಂತ ಚೆನ್ನಾಗಿ ಹೇಳಿದಳು.

ಹಾಗಾದರೆ ನಿನ್ನ ನೋವು ಇದರಲ್ಲಿ ಯಾವುದು ಅಂತ ಕೇಳಿದೆ. ಸುಮಾರು ಹೊತ್ತು ಸುಮ್ಮನಿದ್ದಳು.

"ಯಾವ್ದೂ ಅಲ್ಲ. ಹಸಿ ಮೆಣಸಿನಕಾಯಿ ಹೆಚ್ಚಿದ ಕೈ ಎಷ್ಟು ತೊಳೆದ್ರೂ ರಾತ್ರಿಯೆಲ್ಲ ಉರಿಯತ್ತಲ್ಲ, ಹಂಗೆ. ಮೇಲೆ ಅಲ್ಲ, ಒಳಗಿಂದ."

ಮುಂದಿನ ಸಲ ಡಾಕ್ಟರಿಗೆ ಅದನ್ನು ಹಾಗೇ ಹೇಳಿದೆ, ಒಂದು ಪದಕ್ಕೆ ಇಳಿಸೋಕೆ ಹೋಗಲಿಲ್ಲ. ಅವರು ತಲೆಯಾಡಿಸಿ ಬರೆದುಕೊಂಡರು. ಆಮೇಲೆ ಓದಿ ತಿಳಿದದ್ದು: ಅಮ್ಮನ ಹೋಲಿಕೆ ಬರೀ ಹೋಲಿಕೆ ಅಲ್ಲ. ನಮ್ಮ ನರದ ತುದಿಯಲ್ಲಿ ಬಿಸಿಯನ್ನು ಗುರುತಿಸುವ ಒಂದು ಬಾಗಿಲಿದೆ. ಸುಮಾರು 43 ಡಿಗ್ರಿ ದಾಟಿದರೆ ಅದು ತೆರೆಯುತ್ತೆ. ಮೆಣಸಿನಕಾಯಿಯ ಖಾರದ ಅಂಶ ತೆರೆಯೋದೂ ಅದೇ ಬಾಗಿಲನ್ನು. 1997ರಲ್ಲಿ ಅದನ್ನು ಕಂಡುಹಿಡಿದದ್ದು ಅಮೆರಿಕದ ಡೇವಿಡ್ ಜೂಲಿಯಸ್ ಮತ್ತು ಅವರ ಜತೆಯವರು. ಜೂಲಿಯಸ್ ಅವರಿಗೆ 2021ರ ನೊಬೆಲ್ ಬಹುಮಾನದಲ್ಲಿ ಪಾಲು ಬಂತು. ಇನ್ನೂ ಆಶ್ಚರ್ಯ ಅಂದರೆ, ಸರ್ಪಸುತ್ತಿನ ನಂತರ ಉಳಿಯುವ ಉರಿಗೆ ಆ ಖಾರದ ಅಂಶವನ್ನೇ ಹಾಕಿದ ಕ್ರೀಮು, ಪಟ್ಟಿ ಇವೆ. ಬೆಂಕಿಗೂ ಮೆಣಸಿನಕಾಯಿಗೂ ಕನ್ನಡ ಉರಿ ಅನ್ನೋ ಒಂದೇ ಪದ ಇಟ್ಟುಕೊಂಡಿದೆ. ಇಂಗ್ಲಿಷಿನಲ್ಲೂ ಎರಡಕ್ಕೂ ಬರ್ನಿಂಗ್. ನಾನು ಅದನ್ನು ತಗೊಂಡು ಹೋಗಿ ಏಕ್ ಮಾಡಿದ್ದೆ.

ಇಷ್ಟೊಂದು ಪದ ಒಂದೇ ಭಾಷೆಗೆ ಎಲ್ಲಿಂದ ಬಂದವು? ಏಕ್, ಸೋರ್ ಎರಡೂ ಇಂಗ್ಲಿಷಿನ ಮನೆಮಕ್ಕಳು, ಹಳೆಯ ಇಂಗ್ಲಿಷಿನಲ್ಲೇ ಇದ್ದವು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಳುವವರ ಬಾಯಲ್ಲಿ ಫ್ರೆಂಚ್ ಬಂದು ಕೂತಿತು. ಪೇನ್ ಬಂದದ್ದು ಆ ದಾರಿಯಿಂದ. ಅದರ ಮೂಲ ಲ್ಯಾಟಿನ್ನಿನ ಪೋಯ್ನ. ಹಾಗಂದರೆ ದಂಡ, ಶಿಕ್ಷೆ. ಪೆನಾಲ್ಟಿ ಅನ್ನೋದು ಅದರ ನೆಂಟ. ಹರ್ಟ್ ಅನ್ನೋದು ಢಿಕ್ಕಿ ಹೊಡೆ ಅನ್ನೋ ಅರ್ಥದ ಹಳೆಯ ಫ್ರೆಂಚ್ ಪದ. ತೀವ್ರ ಯಾತನೆ ಅನ್ನೋ ಅರ್ಥದ ಆಂಗ್ವಿಶ್ ಪದದ ಮೂಲದಲ್ಲಿ ಇಕ್ಕಟ್ಟು ಅನ್ನೋ ಅರ್ಥ ಇದೆ. ಇದನ್ನು ಓದಿದಾಗ ನನಗೆ ಮೈ ಝುಮ್ ಅಂದಿತು, ಯಾಕಂದರೆ ನಮ್ಮ ಸಂಕಟ ಅನ್ನೋ ಪದಕ್ಕೂ ಸಂಸ್ಕೃತದಲ್ಲಿ ಮೊದಲ ಅರ್ಥ ಇಕ್ಕಟ್ಟಾದದ್ದು, ಕಿರಿದಾದದ್ದು ಅಂತಲೇ. ಸಾವಿರಾರು ಮೈಲಿ ದೂರದ ಎರಡು ಕಡೆ, ಉಸಿರು ಕಟ್ಟಿದ ಮನುಷ್ಯರು ಒಂದೇ ಚಿತ್ರ ಹಿಡಿದಿದ್ದಾರೆ.

ಒಂದೇ ಮನೆಗೆ ಇಷ್ಟು ಜನ ಬಂದು ಸೇರಿದರೆ ಎಲ್ಲರೂ ಒಂದೇ ಕೋಣೆಯಲ್ಲಿ ಮಲಗೋಕೆ ಆಗುತ್ತಾ? ಫ್ರಾನ್ಸಿನ ಭಾಷಾಶಾಸ್ತ್ರಜ್ಞ ಮಿಶೆಲ್ ಬ್ರೆಯಾಲ್ 1897ರ ಪುಸ್ತಕದಲ್ಲಿ ಇದನ್ನೇ ಹೇಳಿದ್ದು. ಒಂದೇ ಅರ್ಥದ ಎರಡು ಪದ ಎದುರುಬದುರಾದರೆ, ಮಾತಾಡುವ ಜನ ಅವನ್ನು ಹಾಗೇ ಬಿಡೋದಿಲ್ಲ. ನಿಧಾನಕ್ಕೆ ಕೆಲಸ ಹಂಚುತ್ತಾರೆ. ಯಾವ ಪಂಡಿತರೂ ಕೂತು ತೀರ್ಮಾನ ಮಾಡೋದಿಲ್ಲ.

ಇದು ಕಣ್ಣೆದುರೇ ನಡೆಯೋದನ್ನು ನೋಡಬೇಕಾದರೆ ಇಂಗ್ಲೆಂಡಿಗೆ ಬರಬೇಕಾಗಿಲ್ಲ. ಬೆಂಗಳೂರಿನ ಬಸ್ಸಿನಲ್ಲಿ ಕೂತು ಕೇಳಿ. "ಅವನು ಹಂಗಂದಿದ್ದು ನಂಗೆ ತುಂಬಾ ಹರ್ಟ್ ಆಯ್ತು." "ಎರಡು ದಿನದಿಂದ ಬ್ಯಾಕ್ ಪೇನ್ ಕಣೋ." ಕನ್ನಡ ಮಾತಾಡೋರು ಈ ಎರಡು ಇಂಗ್ಲಿಷ್ ಪದಗಳನ್ನು ತಗೊಂಡು, ಹರ್ಟ್ ಅನ್ನೋದನ್ನು ಮನಸ್ಸಿಗೆ, ಪೇನ್ ಅನ್ನೋದನ್ನು ಮೈಗೆ ಕೊಟ್ಟುಬಿಟ್ಟಿದ್ದಾರೆ. ಬಿದ್ದು ಮಂಡಿ ತರಚಿದ ಮಗುವನ್ನು ನೋಡಿ ಕನ್ನಡದಲ್ಲಿ ಯಾರೂ ಹರ್ಟ್ ಆಯ್ತಾ ಅನ್ನೋದಿಲ್ಲ. ನೋವಾಯ್ತಾ, ಪೆಟ್ಟಾಯ್ತಾ ಅಂತಾರೆ. ಹರ್ಟ್ ಆಯ್ತಾ ಅಂದರೆ ಬೈದೆನಾ, ಬೇಜಾರಾಯ್ತಾ ಅಂತ. ಇಂಗ್ಲೆಂಡಿನಲ್ಲಿ ಮಗು ಬಿದ್ದರೆ ಮೊದಲು ಬಾಯಿಗೆ ಬರೋ ಪದವೇ ಹರ್ಟ್. ಅಲ್ಲಿ ಅದು ಮೈಗೂ ಸಲ್ಲುತ್ತೆ, ಮನಸ್ಸಿಗೂ ಸಲ್ಲುತ್ತೆ. ಅವರು ಹಂಚಿಕೊಂಡದ್ದು ಒಂದು ಥರ, ನಾವು ಹಂಚಿಕೊಂಡದ್ದು ಇನ್ನೊಂದು ಥರ. ನಮಗೆ ಇದನ್ನು ಹೇಳಿಕೊಟ್ಟವರು ಯಾರು? ಯಾವ ಶಾಲೆಯಲ್ಲೂ ಇಲ್ಲ. ಆದರೂ ಒಬ್ಬರೂ ತಪ್ಪು ಮಾಡೋದಿಲ್ಲ. ಹತ್ತಿರದ ಪದಗಳ ವ್ಯತ್ಯಾಸ ಕಟ್ಟುಕಥೆ ಅನ್ನೋರಿಗೆ ನಾನು ತೋರಿಸುವ ಮೊದಲ ಸಾಕ್ಷಿ ಇದು.

ನೋವು ಅನ್ನೋ ನಮ್ಮ ಪದ ಮಾತ್ರ ದೊಡ್ಡ ಮನಸ್ಸಿನದು. ಮೈ, ಮನಸ್ಸು ಎರಡನ್ನೂ ಹೊತ್ತುಕೊಂಡು ನಡೆಯುತ್ತೆ. ಅದರ ಪಕ್ಕದಲ್ಲಿ ಬೇನೆ, ವೇದನೆ ಇವೆ. ಇವು ಎರಡೂ ಒಂದೇ ಪದ, ಸಂಸ್ಕೃತದ ವೇದನೆ ನಮ್ಮ ಬಾಯಲ್ಲಿ ಬೇನೆ ಆದದ್ದು. ಆದರೂ ಹೆರಿಗೆಯ ಜತೆ ಬೇನೆ ಬರುತ್ತೆ, ಪ್ರಸವದ ಜತೆ ವೇದನೆ ಬರುತ್ತೆ. ಅದಲು ಬದಲು ಮಾಡಿ ಹೇಳಿ ನೋಡಿ, ನಾಲಿಗೆ ಒಪ್ಪೋದಿಲ್ಲ. ಇಂಗ್ಲೆಂಡಿನ ಭಾಷಾಶಾಸ್ತ್ರಜ್ಞ ಫರ್ತ್ 1957ರಲ್ಲಿ, ಪದವನ್ನು ಅದರ ಸಹವಾಸದಿಂದ ತಿಳಿಯಬಹುದು ಅನ್ನೋ ಅರ್ಥದ ಮಾತು ಬರೆದರು. ಮದುವೆ ಮಾತುಕತೆಗೆ ಮುಂಚೆ ಹುಡುಗನ ಸಹವಾಸ ಎಂಥದ್ದು ಅಂತ ವಿಚಾರಿಸೋ ನಮ್ಮ ಹಿರಿಯರಿಗೆ ಈ ಮಾತು ತಕ್ಷಣ ಅರ್ಥ ಆಗುತ್ತಿತ್ತು.

ಇಷ್ಟೆಲ್ಲ ಹೇಳಿದ ಮೇಲೆ ಇನ್ನೊಂದು ಕಡೆಯನ್ನೂ ಹೇಳಬೇಕು. ಎಲ್ಲಾ ಜೋಡಿಯಲ್ಲೂ ವ್ಯತ್ಯಾಸ ಹುಡುಕೋದು ತಪ್ಪು. ಎವ್ರಿಬಡಿ, ಎವ್ರಿಒನ್ ಎರಡರ ಮಧ್ಯೆ ನಾನು ಎಷ್ಟು ತಿಣುಕಿದರೂ ಅರ್ಥದ ವ್ಯತ್ಯಾಸ ಕಂಡಿಲ್ಲ. ಇಲ್ಲಿನ ಗುಡ್ಡಗಳಲ್ಲಿ ಹಳದಿ ಹೂ ಬಿಡುವ ಒಂದು ಮುಳ್ಳುಗಿಡ ಇದೆ. ಅದಕ್ಕೆ ಗಾರ್ಸ್ ಅಂತಲೂ ಫರ್ಜ್ ಅಂತಲೂ ಹೆಸರು. ಉತ್ತರದ ಕಡೆ ವಿನ್ ಅಂತಲೂ ಅಂತಾರೆ. ಗಿಡ ಒಂದೇ, ಮುಳ್ಳು ಒಂದೇ. ನಮ್ಮ ಕಡಲೆಕಾಯಿ, ಶೇಂಗಾ, ನೆಲಗಡಲೆ ಇದ್ದ ಹಾಗೆ. ಶೇಂಗಾ ಅಂದಾಗ ಬಾಯಲ್ಲಿ ರುಚಿ ಬದಲಾಗೋದಿಲ್ಲ. ಹೇಳಿದವರ ಊರು ಗೊತ್ತಾಗುತ್ತೆ ಅಷ್ಟೆ. ಅದನ್ನು ಅರ್ಥ ಅನ್ನಬೇಕಾ, ಬೇಡವಾ? ನಾನು ಅರ್ಥ ಅನ್ನೋದಿಲ್ಲ. ಆದರೆ ಅದು ಮಾತಿನಲ್ಲಿ ಇಲ್ಲ ಅಂತಲೂ ಹೇಳೋದಿಲ್ಲ.

ಕಾನೂನಿನಲ್ಲಿ ಮಾತ್ರ ವ್ಯತ್ಯಾಸ ತಾನಾಗಿ ಬೆಳೆಯೋದಿಲ್ಲ, ಬರೆದು ಇಡುತ್ತಾರೆ. 1860ರ ಭಾರತೀಯ ದಂಡ ಸಂಹಿತೆಯ 319ನೇ ಕಲಂ ಪ್ರಕಾರ ಇನ್ನೊಬ್ಬರಿಗೆ ದೈಹಿಕ ನೋವು, ಕಾಯಿಲೆ ಅಥವಾ ದುರ್ಬಲತೆ ಉಂಟುಮಾಡಿದರೆ ಅದು ಹರ್ಟ್ ಅನ್ನಿಸಿಕೊಳ್ಳುತ್ತಿತ್ತು. ಬರೀ ಮೈಗೆ, ಮನಸ್ಸಿಗಲ್ಲ. ಮುಂದಿನ ಕಲಂನಲ್ಲಿ ಗ್ರೀವಸ್ ಹರ್ಟ್, ಅಂದರೆ ಗಂಭೀರವಾದ ಪೆಟ್ಟು, ಇತ್ತು. ಅದರ ಒಂದು ಬಗೆಗೆ 20 ದಿನ ತೀವ್ರ ನೋವು ಅನ್ನೋ ಅಳತೆ. ದಂಡ ಸಂಹಿತೆಯ ಬದಲಿಗೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಅದು 15 ದಿನ. ಒಂದು ಪದದ ಗಡಿಯನ್ನು ಐದು ದಿನ ಈಚೆಗೆ ಸರಿಸಿದ ಹಾಗೆ.

ಲಂಡನ್ನಿನಲ್ಲಿ 1852ರಲ್ಲಿ ಇಂಗ್ಲಿಷಿನ ಸಮಾನಪದಗಳ ದೊಡ್ಡ ಕೋಶ ಹೊರತಂದ ಪೀಟರ್ ಮಾರ್ಕ್ ರೊಜೆ ಒಬ್ಬ ಡಾಕ್ಟರು. ಅವರ ಥೆಸಾರಸ್ ಪದಗಳನ್ನು ಅರ್ಥದ ಪ್ರಕಾರ ಗುಂಪು ಮಾಡಿ ಇಡುತ್ತೆ, ವ್ಯತ್ಯಾಸ ವಿವರಿಸೋಕೆ ಹೋಗೋದಿಲ್ಲ. ಆದರೆ ಮೈನೋವನ್ನೂ ಮನನೋವನ್ನೂ ಅವರು ಬೇರೆ ಬೇರೆ ಸಂಖ್ಯೆಯಡಿ ಇಟ್ಟರು. ಒಂದು 378, ಇನ್ನೊಂದು 828. ಆ ಗುಂಪಿನ ಪದಗಳ ಮಧ್ಯೆ ಇರೋದು ಅಲ್ಪವಿರಾಮ ಚಿಹ್ನೆ, ಸಮ ಚಿಹ್ನೆ ಅಲ್ಲ. ನಮ್ಮ ನೋಟ್‌ಬುಕ್ಕಿನಲ್ಲೂ ಅಲ್ಪವಿರಾಮ ಹಾಕಿಸಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ಇದರ ಪಕ್ಕದಲ್ಲಿ ಇದು ಕೂರುತ್ತೆ ಅಂತ ಮಗುವಿಗೆ ಗೊತ್ತಾಗುತ್ತಿತ್ತು. ಇದೇ ಅದು ಅಂತ ಅಲ್ಲ.

ಸಿಕ್ ಸಮ ಇಲ್ ಅಂತ ಬರೆದಿದ್ದೆವಲ್ಲ, ಅದರಿಂದಲೂ ಒಂದು ಗೊಂದಲ ಆಯಿತು. ಮಾತ್ರೆ ಶುರುವಾದ ಮೇಲೆ ಅಮ್ಮನಿಗೆ ಸುಸ್ತು. ಫೋನಿನಲ್ಲಿ ಕೇಳಿದ ನರ್ಸಿಗೆ ಅಮ್ಮ ದಿನವೆಲ್ಲ ಫೀಲಿಂಗ್ ಸಿಕ್ ಅಂದೆ. ಎಷ್ಟು ಸಲ ವಾಂತಿ ಆಯಿತು ಅಂತ ಕೇಳಿದರು. ಇಲ್ಲಿ ಹಾಗಂದರೆ ಹೊಟ್ಟೆ ತೊಳೆಸೋದು.

ಆದರೆ ನನಗೆ ಹೆಚ್ಚು ತಟ್ಟಿದ ಜೋಡಿ ಬೇರೆ. ಡಿಸೀಸ್ ಮತ್ತು ಇಲ್‌ನೆಸ್. ಮೊದಲನೆಯದು ಫ್ರೆಂಚಿನಿಂದ ಬಂದದ್ದು, ನೆಮ್ಮದಿ ಇಲ್ಲದಿರೋದು ಅನ್ನೋ ಅರ್ಥದಲ್ಲಿ. ಇಲ್ ಅನ್ನೋದು ಸ್ಕ್ಯಾಂಡಿನೇವಿಯಾದ ಕಡೆಯಿಂದ ಬಂದ ಪದ. ಆಡುಮಾತಿನಲ್ಲಿ ಎರಡನ್ನೂ ಒಂದರ ಬದಲು ಇನ್ನೊಂದು ಬಳಸೋದು ಇದ್ದೇ ಇದೆ. 1977ರಲ್ಲಿ ಅಮೆರಿಕದ ಮನೋವೈದ್ಯ ಲಿಯಾನ್ ಐಸೆನ್‌ಬರ್ಗ್ ಈ ಎರಡನ್ನು ಬೇರೆ ಮಾಡಿ ಬರೆದರು. ಡಾಕ್ಟರು ನೋಡಿ ಚಿಕಿತ್ಸೆ ಕೊಡೋದು ಡಿಸೀಸ್‌ಗೆ, ರೋಗಿ ಅನುಭವಿಸೋದು ಇಲ್‌ನೆಸ್ಸನ್ನು ಅನ್ನೋದು ಅವರ ಮಾತಿನ ಸಾರ. ಮೂರು ವಾರಕ್ಕೆ ಅಮ್ಮನ ಗುಳ್ಳೆ ಒಣಗಿ ಉದುರಿದವು. ಡಾಕ್ಟರು ಚೆನ್ನಾಗಿ ವಾಸಿಯಾಗಿದೆ ಅಂದರು. ಅವರು ಹೇಳಿದ್ದು ನಿಜ, ಕಾಯಿಲೆ ಮುಗಿದಿತ್ತು. ಅಮ್ಮ ಮಾತ್ರ ರಾತ್ರಿ ಎರಡು ಗಂಟೆಗೆ ಎದ್ದು, ಬೆನ್ನಿಗೆ ಏನೂ ತಗುಲದ ಹಾಗೆ ಕುರ್ಚಿಯ ತುದಿಯಲ್ಲಿ ಕೂತಿರುತ್ತಿದ್ದಳು. ನಾನು ಎದ್ದು ಹೋಗಿ ಪಕ್ಕದಲ್ಲಿ ಕೂರುತ್ತಿದ್ದೆ. "ಹುಷಾರಾಗಿದೀನಿ ಅಂತಾರೆ. ನಂಗೆ ಹುಷಾರಿಲ್ಲ ಕಣೇ" ಅನ್ನುತ್ತಿದ್ದಳು. ರೋಗ, ಕಾಯಿಲೆ, ಜಡ್ಡು, ಸೀಕು ಅಂತ ನಮ್ಮಲ್ಲೂ ಎಷ್ಟೊಂದು ಪದ ಇವೆ. ಅದರಲ್ಲಿ ಹುಷಾರಿಲ್ಲ ಅನ್ನೋದು ಮಾತ್ರ ಪೂರ್ತಿ ರೋಗಿಯದ್ದು. ಅದನ್ನು ಬೇರೆ ಯಾರೂ ಪರೀಕ್ಷೆ ಮಾಡಿ ಹೇಳೋಕೆ ಆಗೋದಿಲ್ಲ.

ಅಮ್ಮ ಮಾರ್ಚ್‌ನಲ್ಲಿ ಊರಿಗೆ ಹೋದಳು. ಉರಿ ಕಡಿಮೆ ಆಗಿತ್ತು, ಪೂರ್ತಿ ಹೋಗಿರಲಿಲ್ಲ. ಈಗಲೂ ವಾರಕ್ಕೊಮ್ಮೆ ವಿಚಾರಿಸುತ್ತೀನಿ. ಹೋದ ಭಾನುವಾರ ಫೋನ್ ಮಾಡಿದಾಗ, ಉರಿ ಹೋಯ್ತು, ಈಗ ಬರೀ ಕಡಿತ ಅಂದಳು. ನನ್ನ ತಲೆಯಲ್ಲಿ ತಕ್ಷಣ ಇಚಿಂಗ್ ಅಂತ ಬಂತು. ಬಾಯಿ ಬಿಡಲಿಲ್ಲ.

"ಯಾವ ಥರ ಕಡಿತ ಅಮ್ಮ? ಸೊಳ್ಳೆ ಕಚ್ಚಿದ ಹಾಗಾ?"

"ಅಲ್ಲಪ್ಪ. ಸೊಳ್ಳೆ ಕಡಿತ ಕೆರೆದ್ರೆ ಹೋಗತ್ತೆ. ಇದು ಕೆರೆಯಕ್ಕೆ ಹೋದ್ರೆ ಅಲ್ಲಿ ಏನೂ ಇಲ್ಲ. ಹೆಂಗೆ ಹೇಳ್ಲಿ..."

ಟೇಬಲ್ಲಿನ ಮೇಲಿದ್ದ ಬಿಲ್ಲನ್ನು ತಿರುಗಿಸಿ, ಅದರ ಹಿಂದೆ ಬರೆದುಕೊಳ್ಳೋಕೆ ಪೆನ್ನು ತಗೊಂಡೆ. ಹೇಳು ಅಂದೆ, ನಿಧಾನಕ್ಕೆ ಹೇಳು.